ಕಾಣದ ಮುಖವನ್ನು ಅರಸಿದ ಚಿತ್ರಕಾರ

ಯೇಸುಕ್ರಿಸ್ತನ ಜೀವನವನ್ನು ತಿಳಿಸುವ ಸುವಾರ್ತೆಗಳು ನಾಲ್ಕು. ಆತನು ಎಲ್ಲಿ ಜನಿಸಿದನು, ಯಾರಿಗೆ ಏನನ್ನು ಬೋಧಿಸಿದನು, ಯಾವ ರೋಗಿಗಳನ್ನು ಗುಣಪಡಿಸಿದನು, ಹೇಗೆ ಶಿಲುಬೆಯ ಮೇಲೆ ಮೃತನಾದನು ಎಂಬುದನ್ನೆಲ್ಲ ಅವುಗಳಿಂದ ತಿಳಿಯಬಹುದು. ಆದರೆ ಆತನು ನೋಡಲು ಹೇಗಿದ್ದನೆಂಬುದನ್ನು ಮಾತ್ರ ಆ ಗ್ರಂಥಗಳು ಎಲ್ಲಿಯೂ ಹೇಳುವುದಿಲ್ಲ. ಆತನ ಎತ್ತರವೆಷ್ಟು, ಮೈಬಣ್ಣವೆಂತಹುದು, ಕಣ್ಣುಗಳು ಹೇಗಿದ್ದವು ಎಂಬ ವಿಷಯದಲ್ಲಿ ಒಂದು ಮಾತೂ ಅಲ್ಲಿ ದೊರೆಯುವುದಿಲ್ಲ. ಆದರೂ ಇಂದು ಪ್ರಪಂಚದ ಯಾವ ಮೂಲೆಯಲ್ಲಿ ಕ್ರಿಸ್ತನ ಚಿತ್ರವನ್ನು ಕಂಡರೂ ಅದು ಆತನದೇ ಎಂದು ಜನ ಗುರುತಿಸುತ್ತಾರೆ. ಯಾರೂ ಕಾಣದ ಮುಖವನ್ನು ಎಲ್ಲರೂ ಗುರುತಿಸುವುದು ಸೋಜಿಗವಲ್ಲವೆ?

ಇದು ಕಲೆಯ ಕೊಡುಗೆ. ರೋಮ್ ನಗರದ ನೆಲಮಾಳಿಗೆಯ ಸಮಾಧಿಗಳಲ್ಲಿ ಆದಿ ಕ್ರೈಸ್ತರು ಆತನನ್ನು ಕುರಿಮರಿಯನ್ನು ಹೆಗಲ ಮೇಲೆ ಹೊತ್ತ, ಗಡ್ಡವಿಲ್ಲದ ತರುಣ ಕುರುಬನಂತೆ ಚಿತ್ರಿಸಿದರು. ಕಾಲಕ್ರಮದಲ್ಲಿ ನೀಳ ಕೂದಲಿನ, ಗಡ್ಡವುಳ್ಳ, ಗಂಭೀರವಾದ ಮುಖವು ರೂಢಿಗೆ ಬಂದಿತು. ಇಂತಹ ಚಿತ್ರಗಳನ್ನು ಮಾಡಬಹುದೆ, ಮಾಡಿದರೆ ಅದು ವಿಗ್ರಹಾರಾಧನೆಯಾಗುವುದಿಲ್ಲವೆ ಎಂಬ ವಾದವು ಪೂರ್ವದ ಬೈಜಾಂಟಿಯಂ ಸಾಮ್ರಾಜ್ಯವನ್ನೇ ಅಲ್ಲಾಡಿಸಿತು. ಕ್ರಿ. ಶ. 787ರಲ್ಲಿ ನಿಕೇಯ ನಗರದಲ್ಲಿ ಸೇರಿದ ಧರ್ಮಸಭೆಯು ಚಿತ್ರಗಳಿಗೆ ಸಮ್ಮತಿಯನ್ನಿತ್ತಿತು. ಚಿತ್ರಕ್ಕೆ ಸಲ್ಲಿಸುವ ಗೌರವವು ಬಣ್ಣಕ್ಕೂ ಹಲಗೆಗೂ ಸಲ್ಲುವುದಿಲ್ಲ, ಅದು ಚಿತ್ರಿತನಾದವನನ್ನು ಮುಟ್ಟುತ್ತದೆ ಎಂಬುದು ಆ ಸಭೆಯ ನಿರ್ಣಯದ ಸಾರ. ಆದರೆ ವಾದವು ಅಲ್ಲಿಗೆ ಮುಗಿಯಲಿಲ್ಲ. ಅದು ಮತ್ತೆ ತಲೆಯೆತ್ತಿದ ನಾಡೊಂದರಲ್ಲಿ ಜನಿಸಿ, ಆ ಕಾಣದ ಮುಖವನ್ನು ಬಾಳಿನುದ್ದಕ್ಕೂ ಅರಸಿದ ಚಿತ್ರಕಾರನೇ ರೆಂಬ್ರಾಂಟ್.

ರೆಂಬ್ರಾಂಟ್ ವಾನ್ ರೈನ್ 1606ನೆಯ ಇಸವಿ ಜುಲೈ 15ರಂದು ಹಾಲೆಂಡಿನ ಲೈಡನ್ ನಗರದಲ್ಲಿ ಜನಿಸಿದನು. ಅವನ ತಂದೆ ಗಾಳಿಯಂತ್ರದಲ್ಲಿ ಧಾನ್ಯವನ್ನು ಬೀಸುವ ವೃತ್ತಿಯವನು. ತಾಯಿ ರೊಟ್ಟಿ ಮಾರುವವನ ಮಗಳು. ಅವನು ಹುಟ್ಟುವುದಕ್ಕೆ ನಲವತ್ತು ವರ್ಷಗಳ ಹಿಂದೆ, 1566ರಲ್ಲಿ, ಆ ನಾಡಿನಲ್ಲಿ ಒಂದು ದೊಡ್ಡ ಕ್ಷೋಭೆ ನಡೆದಿತ್ತು. ಮತಸುಧಾರಣೆಯ ಆವೇಶದಲ್ಲಿ ಜನರು ಚರ್ಚುಗಳಿಗೆ ನುಗ್ಗಿ ಸಂತರ ಪ್ರತಿಮೆಗಳನ್ನು ಒಡೆದರು, ಚಿತ್ರಗಳನ್ನು ಹರಿದರು. ಲೈಡನ್ ನಗರವೂ ಇದಕ್ಕೆ ಹೊರತಾಗಿರಲಿಲ್ಲ. ರೆಂಬ್ರಾಂಟನು ಬಾಲಕನಾಗಿ ಕಂಡ ಚರ್ಚುಗಳ ಗೋಡೆಗಳಿಗೆ ಬಿಳಿಯ ಸುಣ್ಣವನ್ನು ಬಳಿಯಲಾಗಿತ್ತು. ಅಲ್ಲಿ ದೇವರ ವಾಕ್ಯವನ್ನು ಕಿವಿಯಿಂದ ಕೇಳಬಹುದಿತ್ತೇ ಹೊರತು ಕಣ್ಣಿನಿಂದ ಕಾಣಲು ಏನೂ ಇರಲಿಲ್ಲ.

ಆದರೆ ಕಣ್ಣಿನ ಹಸಿವು ಅಷ್ಟು ಸುಲಭವಾಗಿ ಅಡಗುವಂತಹುದಲ್ಲ. ಚರ್ಚಿನಿಂದ ಹೊರಬಿದ್ದ ಚಿತ್ರವು ಮನೆಯನ್ನು ಹೊಕ್ಕಿತು. ಹಾಲೆಂಡಿನ ವರ್ತಕರೂ ಕುಶಲಕರ್ಮಿಗಳೂ ಬೈಬಲಿನ ಕಥೆಗಳ ಚಿತ್ರಗಳನ್ನು ಕೊಂಡು ತಮ್ಮ ಮನೆಯ ಗೋಡೆಗಳಿಗೆ ತೂಗುಹಾಕಿದರು. ಪೂಜೆಗಾಗಿ ಅಲ್ಲ, ಧ್ಯಾನಕ್ಕಾಗಿ, ಮಕ್ಕಳಿಗೆ ಕಥೆ ಹೇಳುವುದಕ್ಕಾಗಿ. ಹೀಗೆ ಚಿತ್ರವು ಚಿಕ್ಕದಾಯಿತು, ಮನುಷ್ಯನಿಗೆ ಹತ್ತಿರವಾಯಿತು. ರೆಂಬ್ರಾಂಟನ ಕಲೆ ಬೆಳೆದುದು ಈ ನೆಲದಲ್ಲಿ.

ತಂದೆತಾಯಿಗಳು ಮಗನನ್ನು ಲ್ಯಾಟಿನ್ ಶಾಲೆಗೆ ಸೇರಿಸಿದರು. 1620ರಲ್ಲಿ ಲೈಡನ್ ವಿಶ್ವವಿದ್ಯಾನಿಲಯದ ದಾಖಲೆಯಲ್ಲಿಯೂ ಅವನ ಹೆಸರು ಸೇರಿತು. ಆದರೆ ಹುಡುಗನ ಮನಸ್ಸು ಪುಸ್ತಕಗಳಿಗಿಂತ ಹೆಚ್ಚಾಗಿ ಚಿತ್ರಗಳಲ್ಲಿ ನೆಟ್ಟಿತ್ತು. ಅವನು ಮೊದಲು ಲೈಡನ್‌ನಲ್ಲಿ ಯಾಕೋಬ್ ವಾನ್ ಸ್ವಾನೆನ್‌ಬುರ್ಗ್ ಎಂಬ ಚಿತ್ರಕಾರನ ಬಳಿಯೂ, ಅನಂತರ ಸುಮಾರು ಆರು ತಿಂಗಳ ಕಾಲ ಆಮ್‌ಸ್ಟರ್‌ಡ್ಯಾಮಿನಲ್ಲಿ ಪೀಟರ್ ಲಾಸ್ಟ್‌ಮನ್ ಎಂಬವನ ಬಳಿಯೂ ಅಭ್ಯಾಸ ಮಾಡಿದನು. ಲಾಸ್ಟ್‌ಮನ್ ಇಟಲಿಯನ್ನು ಕಂಡು ಬಂದವನು. ಕಥೆಯೊಂದರ ಮುಖ್ಯವಾದ ಗಳಿಗೆಯನ್ನು ಆರಿಸಿ ಅದನ್ನೇ ಚಿತ್ರಿಸುವುದರಲ್ಲಿ ನಿಪುಣನು. ಆ ಪಾಠವನ್ನು ಶಿಷ್ಯನು ಎಂದಿಗೂ ಮರೆಯಲಿಲ್ಲ.

ರೆಂಬ್ರಾಂಟನು ತನ್ನ ಬಾಳಿನಲ್ಲಿ ಮತ್ತೆ ಮತ್ತೆ ಆರಿಸಿಕೊಂಡ ಗಳಿಗೆಯೊಂದುಂಟು. ಅದು ಲೂಕನ ಸುವಾರ್ತೆಯ ಕಡೆಯ ಭಾಗದಲ್ಲಿ ಬರುತ್ತದೆ. ಕ್ರಿಸ್ತನು ಶಿಲುಬೆಯ ಮೇಲೆ ಸತ್ತ ಮೂರನೆಯ ದಿನ ಅವನ ಶಿಷ್ಯರಲ್ಲಿ ಇಬ್ಬರು ದುಃಖದಿಂದ ಎಮ್ಮಾಹು ಎಂಬ ಹಳ್ಳಿಗೆ ನಡೆದುಹೋಗುತ್ತಿದ್ದರು. ದಾರಿಯಲ್ಲಿ ಅಪರಿಚಿತನೊಬ್ಬನು ಅವರನ್ನು ಕೂಡಿಕೊಂಡು ಶಾಸ್ತ್ರಗಳನ್ನು ವಿವರಿಸುತ್ತ ನಡೆದನು. ಸಂಜೆಯಾದುದರಿಂದ ಅವರು ಅವನನ್ನು ತಮ್ಮೊಡನೆ ಉಳಿಯುವಂತೆ ಬೇಡಿಕೊಂಡರು. ಊಟಕ್ಕೆ ಕುಳಿತಾಗ ಆ ಅತಿಥಿಯು ರೊಟ್ಟಿಯನ್ನು ಮುರಿದು ಅವರಿಗೆ ಕೊಟ್ಟನು. ಆ ಕ್ಷಣದಲ್ಲಿ ಅವರ ಕಣ್ಣು ತೆರೆಯಿತು. ಆತನೇ ತಮ್ಮ ಗುರುವೆಂದು ಅವರಿಗೆ ತಿಳಿಯಿತು. ತಿಳಿದೊಡನೆಯೇ ಆತನು ಕಾಣದಂತಾದನು. ದಿನವೆಲ್ಲ ಮುಖವನ್ನು ನೋಡುತ್ತಿದ್ದರೂ ಗುರುತಿಸದವರು, ರೊಟ್ಟಿಯನ್ನು ಮುರಿದ ಕೈಗಳಿಂದ ಗುರುತಿಸಿದರು.

ಸುಮಾರು 1629ರಲ್ಲಿ, ಇನ್ನೂ ಇಪ್ಪತ್ತಮೂರರ ಹರೆಯದಲ್ಲಿ, ರೆಂಬ್ರಾಂಟನು ಈ ಪ್ರಸಂಗವನ್ನು ಮೊದಲ ಬಾರಿಗೆ ಚಿತ್ರಿಸಿದನು. ಆ ಚಿಕ್ಕ ಚಿತ್ರವು ಈಗ ಪ್ಯಾರಿಸ್ಸಿನ ಒಂದು ಸಂಗ್ರಹಾಲಯದಲ್ಲಿದೆ. ಅದರಲ್ಲಿ ದೀಪವು ಕ್ರಿಸ್ತನ ಹಿಂದೆ ಇದೆ. ಆದುದರಿಂದ ಆತನ ಮುಖ ಕಾಣುವುದಿಲ್ಲ. ಬರಿಯ ಕಪ್ಪು ನೆರಳಿನಂತಹ ಆಕೃತಿ ಕಾಣುತ್ತದೆ. ಬೆಳಕೆಲ್ಲ ಬಿದ್ದಿರುವುದು ಬೆಚ್ಚಿ ಹಿಂದೆ ಸರಿದ ಶಿಷ್ಯನೊಬ್ಬನ ಮುಖದ ಮೇಲೆ. ಇನ್ನೊಬ್ಬ ಶಿಷ್ಯನು ಕತ್ತಲಲ್ಲಿ ಮಂಡಿಯೂರಿದ್ದಾನೆ. ಕ್ರಿಸ್ತನನ್ನು ತೋರಿಸದೆ, ಆತನನ್ನು ಕಂಡವನ ಬೆರಗನ್ನು ತೋರಿಸುವುದು ತರುಣ ಕಲಾವಿದನ ಉಪಾಯ. ಇದು ಚಮತ್ಕಾರದ ಚಿತ್ರ. ಇದೇ ಕಥೆಯನ್ನು ಇನ್ನೊಂದು ಬಗೆಯಲ್ಲಿ ಹೇಳಲು ಅವನು ಬಹಳಷ್ಟನ್ನು ಅನುಭವಿಸಬೇಕಾಗಿತ್ತು.

1631ರ ಸುಮಾರಿಗೆ ರೆಂಬ್ರಾಂಟನು ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ನೆಲಸಿದನು. ಆಗ ಅದು ಯೂರೋಪಿನ ಸಿರಿವಂತ ಬಂದರುಗಳಲ್ಲಿ ಒಂದು. 1632ರಲ್ಲಿ ಅವನು ಬರೆದ ಡಾಕ್ಟರ್ ಟುಲ್ಪನ ಶರೀರರಚನಾ ಪಾಠದ ಚಿತ್ರವು ಅವನಿಗೆ ಕೀರ್ತಿಯನ್ನು ತಂದಿತು. ಶ್ರೀಮಂತರು ತಮ್ಮ ಭಾವಚಿತ್ರಗಳಿಗಾಗಿ ಅವನ ಬಾಗಿಲಿಗೆ ಬಂದರು. ಆರೆಂಜ್ ರಾಜಕುಮಾರನಾದ ಫ್ರೆಡರಿಕ್ ಹೆನ್ರಿಯು ಕ್ರಿಸ್ತನ ಯಾತನೆಯ ಕಥೆಯನ್ನು ಚಿತ್ರಗಳ ಸರಣಿಯಾಗಿ ಬರೆಸಿದನು. ಆ ಸರಣಿಯಲ್ಲಿ ಶಿಲುಬೆಯನ್ನು ಮೇಲೆತ್ತುವ ಚಿತ್ರವೊಂದಿದೆ. ಶಿಲುಬೆಗೆ ಕೈಯಿಟ್ಟು ಎತ್ತುವವರ ನಡುವೆ ನೀಲಿ ಟೋಪಿಯನ್ನು ಧರಿಸಿದ ಒಬ್ಬನಿದ್ದಾನೆ. ಅವನ ಮುಖ ರೆಂಬ್ರಾಂಟನ ಮುಖ! ಕ್ರಿಸ್ತನ ಸಾವಿಗೆ ಬೇರೆ ಯಾರೋ ಕಾರಣರಲ್ಲ, ತಾನೂ ಪಾಲುದಾರನೆಂದು ಅವನು ಬಣ್ಣದಲ್ಲಿ ಒಪ್ಪಿಕೊಂಡನು.

1634ರಲ್ಲಿ ರೆಂಬ್ರಾಂಟನು ಸಾಸ್ಕಿಯಾ ಎಂಬ ಕುಲೀನ ಕನ್ಯೆಯನ್ನು ವಿವಾಹವಾದನು. 1639ರಲ್ಲಿ 13,000 ಗಿಲ್ಡರ್ ಬೆಲೆಗೆ ಒಂದು ದೊಡ್ಡ ಮನೆಯನ್ನು ಕೊಂಡನು. ಕೈಯಲ್ಲಿ ಅಷ್ಟು ಹಣವಿಲ್ಲದೆ ಸಾಲವನ್ನು ಉಳಿಸಿಕೊಂಡೇ ಕೊಂಡ ಮನೆ ಅದು. ಹಳೆಯ ಶಿಲ್ಪಗಳು, ಆಯುಧಗಳು, ಕಪ್ಪೆಚಿಪ್ಪುಗಳು, ದೂರದೇಶದ ವಸ್ತುಗಳು ಎಲ್ಲವನ್ನೂ ಅವನು ಕೊಂಡು ತುಂಬಿದನು. ಹೊರಗೆ ವೈಭವವಿದ್ದಿತು, ಒಳಗೆ ಮೃತ್ಯು ಕಾದಿದ್ದಿತು. ದಂಪತಿಗಳಿಗೆ ಹುಟ್ಟಿದ ಮೂರು ಮಕ್ಕಳು ಎಳೆಯ ಕೂಸುಗಳಾಗಿದ್ದಾಗಲೇ ತೀರಿಕೊಂಡವು. 1641ರಲ್ಲಿ ಹುಟ್ಟಿದ ಟೈಟಸ್ ಎಂಬ ಮಗನು ಮಾತ್ರ ಉಳಿದನು. ಮರುವರ್ಷ ಜೂನ್ ತಿಂಗಳಲ್ಲಿ ಸಾಸ್ಕಿಯಾ ಕಣ್ಮುಚ್ಚಿದಳು. ರೆಂಬ್ರಾಂಟನ ಅತ್ಯಂತ ಪ್ರಸಿದ್ಧ ಕೃತಿಯಾದ, ‘ರಾತ್ರಿಯ ಪಹರೆ’ ಎಂದು ಜನರು ಕರೆಯುವ ಬೃಹತ್ ಚಿತ್ರವು ಮುಗಿದುದೂ ಅದೇ 1642ರಲ್ಲಿ.

ಅವನು ಸಾಧುಪುರುಷನೇನೂ ಆಗಿರಲಿಲ್ಲ. ಪತ್ನಿಯ ಮರಣಾನಂತರ ಮಗುವನ್ನು ಸಾಕಲು ಬಂದ ದಾದಿಯೊಡನೆ ಅವನಿಗೆ ಕಲಹವುಂಟಾಯಿತು. ವಿವಾಹದ ಮಾತು ಕೊಟ್ಟು ತಪ್ಪಿದನೆಂದು ಆಕೆ ದೂರಿತ್ತಳು. ರೆಂಬ್ರಾಂಟನು ಕಠೋರನಾಗಿ, 1650ರಲ್ಲಿ ಆಕೆಯು ಸುಧಾರಣಾ ಗೃಹದಲ್ಲಿ ಬಂಧಿತಳಾಗಲು ಕಾರಣನಾದನು. ಅವನ ಬಾಳಿನ ಈ ಕಲೆಯನ್ನು ಮುಚ್ಚಿಡುವಂತಿಲ್ಲ. ಕರುಣೆಯನ್ನು ಅಷ್ಟು ಚೆನ್ನಾಗಿ ಚಿತ್ರಿಸಿದ ಕೈ ಕರುಣೆಯನ್ನು ತೋರುವುದರಲ್ಲಿ ಸೋತದ್ದೂ ಉಂಟು.

ರೆಂಬ್ರಾಂಟನ ಮನೆಯಿದ್ದ ಬೀದಿಯ ಸುತ್ತಮುತ್ತ ಯೆಹೂದ್ಯರು ವಾಸವಾಗಿದ್ದರು. ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ಮತೀಯ ಹಿಂಸೆಗೆ ಗುರಿಯಾದ ಕುಟುಂಬಗಳ ಜನರೂ ಅವರಲ್ಲಿದ್ದರು. ಅವರ ಮುಖಗಳನ್ನು ರೆಂಬ್ರಾಂಟನು ದಿನವೂ ನೋಡುತ್ತಿದ್ದನು. ಯೇಸುವೂ ಯೆಹೂದ್ಯ ಕುಲದಲ್ಲಿ ಹುಟ್ಟಿದವನೆಂಬುದು ಎಲ್ಲರಿಗೂ ತಿಳಿದಿದ್ದರೂ ಯೂರೋಪಿನ ಚಿತ್ರಕಾರರು ಅದನ್ನು ಮರೆತವರಂತೆ ಹಳೆಯ ಮಾದರಿಯನ್ನೇ ನಕಲು ಮಾಡುತ್ತಿದ್ದರು. 1640ರ ದಶಕದ ಕೊನೆಯಿಂದ ರೆಂಬ್ರಾಂಟನ ಚಿತ್ರಶಾಲೆಯಲ್ಲಿ ಕ್ರಿಸ್ತನ ತಲೆಯ ಚಿಕ್ಕ ಚಿಕ್ಕ ಚಿತ್ರಗಳು ಹಲವು ಸಿದ್ಧವಾದವು. ಕೆಲವು ಅವನವು, ಕೆಲವು ಶಿಷ್ಯರವು. ಕಪ್ಪು ಕೂದಲಿನ, ಕುರುಚಲು ಗಡ್ಡದ, ಯೋಚನಾಮಗ್ನನಾದ ತರುಣನೊಬ್ಬನು ಅವುಗಳಲ್ಲಿ ಕಾಣುತ್ತಾನೆ. ನೆರೆಹೊರೆಯ ಯೆಹೂದ್ಯ ಯುವಕನೊಬ್ಬನು ಅವುಗಳಿಗೆ ಮಾದರಿಯಾಗಿ ಕುಳಿತಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಮುಂದೆ 1656ರಲ್ಲಿ ಅವನ ಮನೆಯ ವಸ್ತುಗಳ ಪಟ್ಟಿಯನ್ನು ಮಾಡಿದಾಗ, ಅದರಲ್ಲಿ ಜೀವಂತ ಮಾದರಿಯನ್ನು ನೋಡಿ ಬರೆದ ಕ್ರಿಸ್ತನ ತಲೆ ಎಂಬ ಅರ್ಥದ ದಾಖಲೆಯೊಂದು ಸೇರಿತು. ಕಾಣದ ಕ್ರಿಸ್ತನನ್ನು ಕಾಣುವ ನೆರೆಯವನಲ್ಲಿ ಹುಡುಕಿದ ಆ ದೃಷ್ಟಿಯು ಕಲೆಯ ಚರಿತ್ರೆಯಲ್ಲಿ ಹೊಸದು.

ಈ ಕಾಲದಲ್ಲಿಯೇ ಅವನ ಸುಪ್ರಸಿದ್ಧವಾದ ಎಚಿಂಗ್ ಒಂದು ರೂಪುಗೊಂಡಿತು. ತಾಮ್ರದ ತಗಡಿಗೆ ಮೇಣದಂತಹ ಲೇಪವನ್ನು ಹಚ್ಚಿ, ಸೂಜಿಯಿಂದ ಅದರ ಮೇಲೆ ರೇಖೆಗಳನ್ನೆಳೆದು, ಆಮ್ಲದಲ್ಲಿ ಅದ್ದಿದರೆ ರೇಖೆಗಳಿರುವ ಕಡೆ ತಾಮ್ರವು ಕೊರೆದುಹೋಗುತ್ತದೆ. ಆ ಗೀರುಗಳಲ್ಲಿ ಮಸಿಯನ್ನು ತುಂಬಿ ಕಾಗದದ ಮೇಲೆ ಒತ್ತಿದರೆ ಚಿತ್ರವು ಮೂಡುತ್ತದೆ. ಒಂದೇ ತಗಡಿನಿಂದ ಹಲವು ಪ್ರತಿಗಳು ದೊರೆಯುವುದರಿಂದ ಸಾಮಾನ್ಯರ ಮನೆಗೂ ಚಿತ್ರವು ತಲುಪಬಲ್ಲುದು. ರೆಂಬ್ರಾಂಟನು ಇಂತಹ ಸುಮಾರು ಮುನ್ನೂರು ಚಿತ್ರಗಳನ್ನು ಮಾಡಿದನು. ಅವುಗಳಲ್ಲಿ ಒಂದಕ್ಕೆ ದುಬಾರಿ ಬೆಲೆ ಬಂದುದರಿಂದ ‘ನೂರು ಗಿಲ್ಡರ್ ಚಿತ್ರ’ವೆಂದೇ ಹೆಸರಾಯಿತು. ನಡುವೆ ಕ್ರಿಸ್ತನು ನಿಂತಿದ್ದಾನೆ. ಒಂದು ಕಡೆ ಪಂಡಿತರು ತಮ್ಮ ತಮ್ಮಲ್ಲಿ ವಾದಿಸುತ್ತಿದ್ದಾರೆ. ಇನ್ನೊಂದು ಕಡೆ ಕತ್ತಲೊಳಗಿಂದ ಕುಂಟರು, ಕುರುಡರು, ರೋಗಿಗಳು ಬರುತ್ತಿದ್ದಾರೆ. ಬೇಡುವ ಹೆಂಗಸೊಬ್ಬಳ ಜೋಡಿಸಿದ ಕೈಗಳ ನೆರಳು ಕ್ರಿಸ್ತನ ಬಿಳಿಯ ನಿಲುವಂಗಿಯ ಮೇಲೆ ಬಿದ್ದಿದೆ. ಅವಳ ಕೈ ಆತನನ್ನು ಮುಟ್ಟುವ ಮೊದಲೇ ಅವಳ ಸಂಕಟವು ಆತನನ್ನು ಮುಟ್ಟಿದೆ.

1648ರಲ್ಲಿ ರೆಂಬ್ರಾಂಟನು ಎಮ್ಮಾಹುವಿನ ಊಟವನ್ನು ಮತ್ತೆ ಚಿತ್ರಿಸಿದನು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಈ ಚಿತ್ರದಲ್ಲಿ ಹಿಂದಿನ ಚಮತ್ಕಾರವಿಲ್ಲ. ಸಾದಾ ಕೋಣೆ, ಎತ್ತರವಾದ ಬರಿಯ ಗೋಡೆ, ಒಂದು ಮೇಜು. ಕ್ರಿಸ್ತನು ಈಗ ನೇರವಾಗಿ ನಮ್ಮೆದುರಿಗೆ ಕುಳಿತಿದ್ದಾನೆ. ಆತನ ಮುಖವು ಬಿಳಿಚಿದೆ, ಸಾವನ್ನು ಕಂಡುಬಂದವನ ಬಳಲಿಕೆ ಅದರಲ್ಲಿದೆ. ತಲೆಯ ಸುತ್ತ ಮಂದವಾದ ಬೆಳಕು. ಕೈಗಳು ರೊಟ್ಟಿಯನ್ನು ಮುರಿಯುತ್ತಿವೆ. ಶಿಷ್ಯರಲ್ಲಿ ಒಬ್ಬನು ಕೈ ಜೋಡಿಸಿದ್ದಾನೆ; ಮತ್ತೊಬ್ಬನು ಬೆರಗಾಗಿ ನೋಡುತ್ತಿದ್ದಾನೆ. ಅವರ ಪಕ್ಕದಲ್ಲಿಯೇ ತಟ್ಟೆಯನ್ನು ತಂದ ಹುಡುಗನೊಬ್ಬನಿದ್ದಾನೆ. ಅವನಿಗೆ ಏನೂ ತಿಳಿದಿಲ್ಲ! ಅದೇ ಮುಖವನ್ನು, ಅಷ್ಟೇ ಹತ್ತಿರದಿಂದ ಅವನೂ ನೋಡುತ್ತಿದ್ದಾನೆ, ಆದರೆ ಗುರುತಿಸಲಿಲ್ಲ. ಕಣ್ಣಿಗೆ ಬೀಳುವುದು ಬೇರೆ, ಕಾಣುವುದು ಬೇರೆ ಎಂಬುದನ್ನು ಈ ಹುಡುಗನ ಮೂಲಕ ಕಲಾವಿದನು ಹೇಳಿದ್ದಾನೆ. ಚಿತ್ರವು ಮುಖವನ್ನು ತೋರಿಸಬಲ್ಲುದು. ಗುರುತನ್ನು ತರಬೇಕಾದುದು ನೋಡುವವನ ವಿಶ್ವಾಸ.

ಅಷ್ಟರಲ್ಲಿ ಹೆಂಡ್ರಿಕ್ಯೆ ಸ್ಟೊಫೆಲ್ಸ್ ಎಂಬಾಕೆ ಅವನ ಮನೆಗೆ ಬಂದು ಸಂಸಾರದ ಭಾರವನ್ನು ಹೊತ್ತಿದ್ದಳು. ಪುನರ್ವಿವಾಹವಾದರೆ ಸಾಸ್ಕಿಯಾಳ ಮರಣಶಾಸನದಂತೆ ಆಸ್ತಿಯ ಹಕ್ಕು ಕೈತಪ್ಪುವಂತಿದ್ದಿತು. ಆದುದರಿಂದಲೋ ಏನೋ ರೆಂಬ್ರಾಂಟನು ಆಕೆಯನ್ನು ವಿಧಿವತ್ತಾಗಿ ವರಿಸಲಿಲ್ಲ. 1654ರಲ್ಲಿ ಚರ್ಚಿನ ಹಿರಿಯರ ಮಂಡಳಿಯು ಗರ್ಭಿಣಿಯಾಗಿದ್ದ ಹೆಂಡ್ರಿಕ್ಯೆಯನ್ನು ಕರೆಸಿ ವಿಚಾರಿಸಿತು. ಕ್ರೈಸ್ತರು ಒಟ್ಟುಗೂಡಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಸ್ವೀಕರಿಸುವ ಪ್ರಭುಭೋಜನದಿಂದ ಆಕೆಯನ್ನು ಹೊರಗಿಟ್ಟಿತು. ಅದೇ ವರ್ಷ ರೆಂಬ್ರಾಂಟನು ಎಮ್ಮಾಹುವಿನ ಪ್ರಸಂಗವನ್ನು ತಾಮ್ರದ ತಗಡಿನಲ್ಲಿ ಕೊರೆದನು. ಅದರಲ್ಲಿ ಕ್ರಿಸ್ತನು ಎರಡು ಕೈಗಳನ್ನೂ ಚಾಚಿ, ಮುರಿದ ರೊಟ್ಟಿಯ ತುಂಡುಗಳನ್ನು ನೀಡುತ್ತಿದ್ದಾನೆ. ಮನೆಯವಳಿಗೆ ರೊಟ್ಟಿಯು ನಿರಾಕೃತವಾದ ವರ್ಷದಲ್ಲಿ ಹುಟ್ಟಿದ ಚಿತ್ರವಿದು ಎಂಬುದನ್ನು ನೆನೆದಾಗ ಆ ಚಾಚಿದ ಕೈಗಳು ಮನಸ್ಸನ್ನು ಕಲಕುತ್ತವೆ.

ಸಾಲದ ಹೊರೆ ಏರುತ್ತಲೇ ಇದ್ದಿತು. 1652ರಿಂದ 1654ರ ವರೆಗೆ ಇಂಗ್ಲೆಂಡಿನೊಡನೆ ನಡೆದ ಯುದ್ಧದಿಂದ ವ್ಯಾಪಾರ ಕುಗ್ಗಿ ಸಾಲಿಗರು ಹಣಕ್ಕಾಗಿ ಪೀಡಿಸತೊಡಗಿದರು. 1656ರಲ್ಲಿ ರೆಂಬ್ರಾಂಟನು ದಿವಾಳಿಯಾದನು. ಅಧಿಕಾರಿಗಳು ಕೋಣೆಯಿಂದ ಕೋಣೆಗೆ ನಡೆದು 363 ಬಾಬುಗಳ ಪಟ್ಟಿಯನ್ನು ಬರೆದುಕೊಂಡರು. ಪ್ರೀತಿಯಿಂದ ಕೂಡಿಟ್ಟ ವಸ್ತುಗಳೆಲ್ಲ ಹರಾಜಾದವು. 1658ರಲ್ಲಿ ಮನೆಯೂ ಮಾರಾಟವಾಯಿತು.

ಈ ಕಷ್ಟದ ದಿನಗಳಲ್ಲಿ ಅವನ ಗಮನವನ್ನು ಸೆಳೆದುದು ನಮ್ಮ ನಾಡಿನ ಕಲೆ ಎಂಬುದು ನಮಗೆ ಹೆಮ್ಮೆಯ ವಿಷಯ. ಹಾಲೆಂಡಿನ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಹಾದಿಯಲ್ಲಿ ಮೊಗಲ್ ಶೈಲಿಯ ಕಿರುಚಿತ್ರಗಳು ಆಮ್‌ಸ್ಟರ್‌ಡ್ಯಾಮನ್ನು ಸೇರಿದ್ದವು. ಅವುಗಳನ್ನು ನೋಡಿ ರೆಂಬ್ರಾಂಟನು ಬರೆದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಇಂದಿಗೂ ಉಳಿದಿವೆ. ಜಹಾಂಗೀರ, ಷಹಜಹಾನರು ಅವುಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಒಂದರಲ್ಲಿ ಮರದಡಿಯಲ್ಲಿ ನೆಲದ ಮೇಲೆ ಕುಳಿತ ನಾಲ್ವರು ವೃದ್ಧ ಸೂಫಿಗಳಿದ್ದಾರೆ. ಹಳೆಯ ಒಡಂಬಡಿಕೆಯಲ್ಲಿ ಅಬ್ರಹಾಮನು ಮೂವರು ಅಪರಿಚಿತ ಪಥಿಕರಿಗೆ ಊಟವಿಕ್ಕಿ, ತನ್ನ ಮನೆಗೆ ಬಂದಾತನು ದೇವರೇ ಎಂದು ತಿಳಿಯುವ ಕಥೆಯಿದೆ. ಅದನ್ನು 1656ರಲ್ಲಿ ಎಚಿಂಗ್ ಆಗಿ ಮಾಡುವಾಗ ರೆಂಬ್ರಾಂಟನು ಅತಿಥಿಗಳನ್ನು ಈ ಸೂಫಿಗಳಂತೆ ನೆಲದ ಮೇಲೆಯೇ ಕುಳ್ಳಿರಿಸಿದನು. ಅಪರಿಚಿತ ಅತಿಥಿಯಲ್ಲಿ ದೇವರನ್ನು ಗುರುತಿಸುವ ಕಥೆಯನ್ನು ಹೇಳಲು ಪೂರ್ವದೇಶದ ಅಪರಿಚಿತ ಕಲೆಯು ಅವನಿಗೆ ನೆರವಾಯಿತು.

ಹೆಂಡ್ರಿಕ್ಯೆ ಮತ್ತು ಟೈಟಸ್ ಇಬ್ಬರೂ ಕೂಡಿ 1660ರಲ್ಲಿ ಚಿತ್ರವ್ಯಾಪಾರವನ್ನು ವಿಧಿಬದ್ಧವಾಗಿ ತಮ್ಮ ಹೆಸರಿಗೆ ಮಾಡಿಕೊಂಡು ರೆಂಬ್ರಾಂಟನನ್ನು ಅದರ ಕೆಲಸಗಾರನನ್ನಾಗಿ ನೇಮಿಸಿದರು. ಸಾಲಿಗರಿಂದ ಅವನನ್ನು ಕಾಪಾಡಲು ಅವರು ಕಂಡುಕೊಂಡ ದಾರಿ ಅದು. ಆದರೆ 1663ರಲ್ಲಿ ಹೆಂಡ್ರಿಕ್ಯೆಯೂ, 1668ರಲ್ಲಿ ಮದುವೆಯಾದ ಕೆಲವೇ ತಿಂಗಳುಗಳಲ್ಲಿ ಟೈಟಸನೂ ತೀರಿಕೊಂಡರು. ಮುದುಕನಾದ ತಂದೆಯು ತನ್ನ ಪ್ರಾಯದ ಮಗನನ್ನು ಮಣ್ಣುಮಾಡಬೇಕಾಯಿತು.

ತಪ್ಪಿಹೋದ ಮಗನು ಮನೆಗೆ ಮರಳುವ ಕ್ರಿಸ್ತನ ದೃಷ್ಟಾಂತಕಥೆಯನ್ನು ರೆಂಬ್ರಾಂಟನು ಚಿತ್ರಿಸಿದುದು ಈ ಕೊನೆಯ ವರ್ಷಗಳಲ್ಲಿ. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಹರ್ಮಿಟೇಜ್ ಸಂಗ್ರಹಾಲಯದಲ್ಲಿ ಅದನ್ನು ಕಾಣಬಹುದು. ಚಿಂದಿಬಟ್ಟೆಯ ಮಗನು ತಂದೆಯ ಎದೆಗೆ ತಲೆಯಾನಿಸಿ ಮಂಡಿಯೂರಿದ್ದಾನೆ. ಅವನ ಒಂದು ಪಾದರಕ್ಷೆ ಕಳಚಿಬಿದ್ದು ಸವೆದ ಅಂಗಾಲು ಕಾಣುತ್ತಿದೆ. ತಂದೆಯ ದೃಷ್ಟಿ ಮಂದವಾದಂತಿದೆ. ಆದರೆ ಮಗನ ಬೆನ್ನಿನ ಮೇಲಿರುವ ಅವನ ಎರಡು ಕೈಗಳು ಗುರುತಿಸಬೇಕಾದವನನ್ನು ಗುರುತಿಸಿವೆ.

1669ರ ಅಕ್ಟೋಬರ್ 4ರಂದು ರೆಂಬ್ರಾಂಟನು ಮರಣ ಹೊಂದಿದನು. ಆಗ ಅವನಿಗೆ ಅರುವತ್ತಮೂರು ವರ್ಷ. ಅವನ ಚಿತ್ರಶಾಲೆಯಲ್ಲಿ ಮುಗಿಯದ ಚಿತ್ರವೊಂದು ಉಳಿದಿದ್ದಿತು. ರಕ್ಷಕನನ್ನು ಕಾಣುವವರೆಗೆ ಸಾಯುವುದಿಲ್ಲವೆಂಬ ಭರವಸೆಯನ್ನು ಪಡೆದು, ಯೆರೂಸಲೇಮಿನ ದೇವಾಲಯದಲ್ಲಿ ಕಾದಿದ್ದ ವೃದ್ಧ ಸಿಮೆಯೋನನ ಚಿತ್ರವದು. ಇದೇ ಕಥೆಯನ್ನು ರೆಂಬ್ರಾಂಟನು 1631ರಲ್ಲಿಯೂ ಚಿತ್ರಿಸಿದ್ದನು. ಅಲ್ಲಿ ಎತ್ತರವಾದ ಕಂಬಗಳ ಭವ್ಯ ದೇವಾಲಯವಿದೆ, ಜನಸಮೂಹವಿದೆ. ಕೊನೆಯ ಚಿತ್ರದಲ್ಲಿ ದೇವಾಲಯವೂ ಇಲ್ಲ, ಜನಸಮೂಹವೂ ಇಲ್ಲ. ಬಿಳಿಗಡ್ಡದ ಮುದುಕನ ಚಾಚಿದ ತೋಳುಗಳ ಮೇಲೆ ಶಿಶುವೊಂದು ಮಲಗಿದೆ. ಮುದುಕನ ಕಣ್ಣುಗಳು ಬಹುಮಟ್ಟಿಗೆ ಮುಚ್ಚಿವೆ. ಕಾದು ಕಾದು ಬಂದ ಗಳಿಗೆಯಲ್ಲಿ ಅವನು ಕ್ರಿಸ್ತನನ್ನು ಕಣ್ಣುಗಳಿಂದ ನೋಡುತ್ತಿಲ್ಲ, ತೋಳುಗಳಲ್ಲಿ ಹೊತ್ತು ತಿಳಿಯುತ್ತಿದ್ದಾನೆ.

ರೆಂಬ್ರಾಂಟನನ್ನು ಆಮ್‌ಸ್ಟರ್‌ಡ್ಯಾಮಿನ ವೆಸ್ಟರ್‌ಕರ್ಕ್ ಚರ್ಚಿನ ಬಾಡಿಗೆಯ ಗೋರಿಯಲ್ಲಿ ಹೂಳಲಾಯಿತು. ಅದರ ಮೇಲೆ ಹೆಸರಿನ ಕಲ್ಲನ್ನೂ ನೆಡಲಿಲ್ಲ. ಅವನು ಕಳೆದುಕೊಂಡ ಮನೆ ಇಂದು ಅವನದೇ ಹೆಸರಿನ ಸಂಗ್ರಹಾಲಯವಾಗಿದೆ. ತನ್ನ ಮುಖವನ್ನೇ ಅವನು ತಾರುಣ್ಯದಿಂದ ಮುಪ್ಪಿನವರೆಗೆ ಎಂಬತ್ತರಷ್ಟು ಬಾರಿ ಚಿತ್ರಿಸಿದ್ದಾನೆ. ಆದುದರಿಂದ ಅವನ ಮುಖವನ್ನು ನಾವು ಬಲ್ಲೆವು. ಕ್ರಿಸ್ತನ ಮುಖ ಹೇಗಿದ್ದಿತೆಂಬುದನ್ನು ಅವನೂ ಕಂಡವನಲ್ಲ. ಆದರೆ ರೊಟ್ಟಿಯನ್ನು ಮುರಿಯುವ ಕೈಗಳಲ್ಲಿ, ನೆರೆಮನೆಯ ಬಡ ಯುವಕನಲ್ಲಿ, ಮಗನನ್ನು ತಬ್ಬಿದ ಮುದುಕನ ಬೆರಳುಗಳಲ್ಲಿ ಅದನ್ನು ಅರಸಬೇಕೆಂದು ಅವನು ತೋರಿಸಿಕೊಟ್ಟನು. ಸುಣ್ಣ ಬಳಿದ ಬರಿಯ ಗೋಡೆಗಳ ನಡುವೆ ಬೆಳೆದ ಆ ಮಹಾ ಕಲಾವಿದನು ಕ್ರೈಸ್ತರಿಗೆ ಬಿಟ್ಟುಹೋದ ಆಸ್ತಿ ಅದು; ಇತರರಿಗೂ ಅದು ನಿಲುಕದ ವಸ್ತುವೇನಲ್ಲ.